ಬಾಗಿಲ ಬಳಿಯ ತಟ್ಟೆಗಳು

ಜಂಗಮಕೋಟೆಯ ಮುನಿಗಂಗಮ್ಮನ ಹುಳುಮನೆಯಲ್ಲಿ ಕಾನೂನು ಅಂದರೆ ಮುನಿಗಂಗಮ್ಮನೇ. ದೀಪಾವಳಿಗೆ ಇದ್ದಿಲ ಒಲೆ ಒಳಗೆ ಬಂದರೆ ಶಿವರಾತ್ರಿ ಕಳೆಯುವ ತನಕ ಹೊರಗೆ ಹೋಗುವಂತಿಲ್ಲ. ರೇಷ್ಮೆ ಹುಳು ಚಳಿ ತಡೆಯುವುದಿಲ್ಲ, ಅತ್ತೆಯೂ ಹಾಗೇ ಮಾಡುತ್ತಿದ್ದಳು, ಮುಗಿಯಿತು ಮಾತು.

ತೊಂಬತ್ತರ ದಶಕದ ಆ ವರ್ಷ ಮಾಗಿಯ ಚಳಿ ಬರಲೇ ಇಲ್ಲ. ಹಿಪ್ಪುನೇರಳೆ ಎಲೆಯ ಮೇಲೆ ಇಬ್ಬನಿ ಕಾಣಲಿಲ್ಲ, ಮಾವಿನ ಹೂವು ಕರಕಲಾಗಿ ಉದುರಿತು. ಮಗ ಚನ್ನಕೇಶವ ರೇಡಿಯೋದಲ್ಲಿ ಕೇಳಿದ್ದನ್ನು ತಂದು ಹೇಳಿದ. ಭೂಮಿ ವರ್ಷವರ್ಷಕ್ಕೂ ಕಾಯುತ್ತಿದೆಯಂತೆ, ಸಮುದ್ರದ ನೀರೂ ಬಿಸಿಯಾಗುತ್ತಿದೆಯಂತೆ, ಈ ಸಲ ಒಲೆ ಬೇಡ ಅಂದ.

"ಸಮುದ್ರ ಕಾದ್ರೆ ಜಂಗಮಕೋಟೆಗೇನಪ್ಪ? ನಾವೇನು ಅದ್ರಲ್ಲಿ ಮುಖ ತೊಳೀತೀವಾ?" ಎಂದು ಅವನ ಬಾಯಿ ಮುಚ್ಚಿಸಿ, ಒಲೆಗೆ ಇನ್ನೊಂದು ಬೊಗಸೆ ಇದ್ದಿಲು ಸುರಿದಳು.

ಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಗಬಗಬ ತಿನ್ನುತ್ತಿದ್ದವು. ಮೆಹಬೂಬಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದಳು. ಊರಿನ ಹುಳುಮನೆಗಳಿಗೆಲ್ಲ ಸೊಪ್ಪು ಕೊಯ್ದು ಕೊಟ್ಟೇ ಬದುಕುವವಳು, ಮುನಿಗಂಗಮ್ಮನಿಗೆ ಹರೆಯದಿಂದಲೂ ಗೆಳತಿ. ಹೊಸಿಲ ಮೇಲೆ ನಿಂತು, "ಏನ್ ಹುಳು ಅಕ್ಕಾ, ಬೆರಳಿನ ದಪ್ಪ ಆಗವೆ" ಎಂದು ಬಾಯ್ತುಂಬ ಹೊಗಳಿ ಹೋದಳು.

ಮಾರನೆಯ ದಿನ ಎಷ್ಟೋ ತಟ್ಟೆಗಳಲ್ಲಿ ಹುಳು ತಿನ್ನುವುದನ್ನು ಬಿಟ್ಟವು. ಸಪ್ಪೆರೋಗ. ಮೈ ಮೆತ್ತಗಾಗಿ, ಕಪ್ಪಗಾಗಿ, ಮುಟ್ಟಿದರೆ ನೀರು. ಮುನಿಗಂಗಮ್ಮ ಬೀದಿಗಿಳಿದಳು. ನಲ್ಲಿಯ ಹತ್ತಿರ, ನಾಲ್ಕು ಜನರ ಮುಂದೆ, ಮೆಹಬೂಬಿಯ ಕಣ್ಣು ತಾಗಿತು ಎಂದುಬಿಟ್ಟಳು. ಅಷ್ಟು ಸಾಕಾಯಿತು. ಪಕ್ಕದ ಮನೆಯ ಅಕ್ಕಯ್ಯಮ್ಮ ಮೆಹಬೂಬಿಯನ್ನು ಕಂಡ ಕೂಡಲೇ ಹುಳುಮನೆಯ ಬಾಗಿಲು ಎಳೆದುಕೊಂಡಳು. ಆಮೇಲೆ ಊರಲ್ಲಿ ಯಾರೂ ಅವಳನ್ನು ಸೊಪ್ಪಿಗೆ ಕರೆಯಲಿಲ್ಲ.

ಸತ್ತ ಹುಳುಗಳನ್ನು ಗುಂಡಿಗೆ ಸುರಿಯುವಾಗ ಮುನಿಗಂಗಮ್ಮನ ಕೈ ನಿಂತಿತು. ಬಾಗಿಲ ಬಳಿಯ ತಟ್ಟೆಗಳಲ್ಲಿ ಹುಳು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ, ಇನ್ನೂ ಸೊಪ್ಪು ತಿನ್ನುತ್ತಿದ್ದವು. ಮೆಹಬೂಬಿ ನಿಂತು ನೋಡಿದ್ದು ಅವನ್ನೇ. ಸತ್ತದ್ದೆಲ್ಲ ಒಳಮೂಲೆಯದು, ಹೊಸಿಲಿಂದ ಕಣ್ಣಿಗೇ ಬೀಳದ ಜಾಗ. ಅಲ್ಲಿ ಇದ್ದದ್ದು ಒಲೆ. ಗೋಡೆ ಮುಟ್ಟಿದಳು, ಇನ್ನೂ ಸುಡುತ್ತಿತ್ತು.

ಅಯ್ಯೋ, ಹುಳುಗಳನ್ನು ನಾನೇ ಬೇಯಿಸಿದೆನಲ್ಲ! ಆದರೂ ಪುಣ್ಯಾತಗಿತ್ತಿ ಬಾಯಿ ಬಿಟ್ಟಳೇ? ಇಲ್ಲ. ಊರ ಮುಂದೆ ಆಡಿದ ಮಾತನ್ನು ಊರ ಮುಂದೆಯೇ ನುಂಗಬೇಕಲ್ಲ, ನಾಚಿಕೆ. ಒಲೆಯನ್ನು ಮಾತ್ರ ಕದ್ದವಳ ಹಾಗೆ ಹಿತ್ತಿಲಿಗೆ ಸಾಗಿಸಿದಳು. ಮೆಹಬೂಬಿ ಯಾರದೋ ಮನೆಯ ಕಡಲೆಕಾಯಿ ಸುಲಿಯಲು ಹೋಗುತ್ತಿದ್ದಾಳೆ ಎಂದು ಕೇಳಿದಾಗಲೆಲ್ಲ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು.

ಮುಂದಿನ ಬೆಳೆಗೆ ತಡೆಯಲಾರದೆ ತಾನೇ ಹೋಗಿ ಕರೆದಳು. ಮೆಹಬೂಬಿ ಬೇಡವೆನ್ನಲಿಲ್ಲ. ಮಾರನೆಯ ಬೆಳಿಗ್ಗೆ ಹೊರೆ ಹೊತ್ತು ಬಂದಳು. ಆದರೆ ಹೊಸಿಲು ಬರುವ ಮುಂಚೆಯೇ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು, ಬಾಗಿಲಿಗೆ ಬೆನ್ನು ಹಾಕಿ ಹೊರೆ ಇಳಿಸಿದಳು.

"ಇಲ್ಲೇ ಇಟ್ಟಿದೀನಿ ಅಕ್ಕಾ. ಒಳಗೆ ನೋಡಿಲ್ಲ."

ಮುನಿಗಂಗಮ್ಮ ಬೀದಿಗೆ ಬಂದಳು. ನಲ್ಲಿಯ ಹತ್ತಿರ ಇದ್ದವರೆಲ್ಲ ಕೇಳುವ ಹಾಗೆ ಹೇಳಿದಳು: "ನಿನ್ನ ಕಣ್ಣಲ್ಲ ಕಣೇ ಮೆಹಬೂಬಿ. ಚಳಿ ಇಲ್ದ ಮಾಗೀಲಿ ಬೆಂಕಿ ಹಾಕಿ ಹುಳು ಸಾಯಿಸ್ದೋಳು ನಾನು. ಒಳಗೆ ಬಾರೇ, ನೋಡೇ."

ಮೆಹಬೂಬಿ ಕೇಳಿಸಿಕೊಂಡಳು, ತಲೆಯಾಡಿಸಿದಳು. ಸೆರಗು ಮಾತ್ರ ಮೇಲೆತ್ತಲಿಲ್ಲ.