ಕಿಟಕಿಯ ಹೊರಗೆ ಬೀಫಾತುಮ್ಮ

ಬೀಫಾತುಮ್ಮ ಕೇಳಿದ ಮಾತನ್ನು ಒಂದು ಪದವೂ ಉದುರದಂತೆ ಮರಳಿ ಹೇಳಬಲ್ಲವಳಾಗಿದ್ದಳು. ಈಶ್ವರಮಂಗಲದಲ್ಲಿ ಅವಳೆದುರು ಆಡಿದ ಮಾತನ್ನು ಆಡಿಲ್ಲವೆಂದು ಜಾರಿಕೊಂಡವರಿರಲಿಲ್ಲ. ಓದುಬರಹ ಮಾತ್ರ ಅವಳಿಗೆ ಒದಗಿರಲಿಲ್ಲ. ಮಗಳು ಸುಹರಾ ಎರಡು ವರ್ಷ ನಾಲ್ಕನೆಯ ತರಗತಿಯಲ್ಲೇ ಕುಳಿತಿದ್ದಳು. ಪುಸ್ತಕ ಬಿಡಿಸಿದರೆ ಸಾಕು, ಅವಳ ಕಣ್ಣೆದುರು ಅಕ್ಷರಗಳು ಕಲಸಿಹೋಗುತ್ತಿದ್ದವು.

“ಇನ್ಸ್‌ಪೆಕ್ಟರ್ ಬಂದಾಗಲೂ ಓದದಿದ್ರೆ ಹೆಸರು ತೆಗೆಯುದೇ. ಬೀಡಿ ಕಟ್ಲಿ” ಎಂದರು ಬೆಳ್ಯಪ್ಪ ಮಾಸ್ಟ್ರು.

“ಬೀಡಿ ಕಟ್ಲಿಕ್ಕೆ ನಾನಿದ್ದೇನೆ ಮಾಸ್ಟ್ರೆ. ಅವಳು ಶಾಲೆಗೇ ಬರುದು.”

ಮರುದಿನದಿಂದ ತರಗತಿಯ ಕಿಟಕಿಯ ಹೊರಗೆ, ಮಾಡಿನ ಅಂಚಿನಡಿ, ಬೀಡಿಎಲೆಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಫಾತುಮ್ಮ ಕುಳಿತಳು. ಕೈ ಎಲೆ ಸುತ್ತುತ್ತಿತ್ತು, ಕಿವಿ ಒಳಗಿತ್ತು. ಸಂಜೆ ಪಾಠವನ್ನೆಲ್ಲ ಒಪ್ಪಿಸಿ, ಅರ್ಥವನ್ನು ಮನೆಮಾತಾದ ಬ್ಯಾರಿಯಲ್ಲಿ ಬಿಡಿಸಿ, ಮಗಳ ಬಾಯಲ್ಲಿ ಹೇಳಿಸುವಳು. ಊರು ನಕ್ಕಿತು, ಅವಳು ಕ್ಯಾರೇ ಎನ್ನಲಿಲ್ಲ. ಆದರೆ ಮಾಸ್ಟ್ರ ಬಾಯಿಂದ ಬಂದದ್ದೆಲ್ಲವೂ ಪಾಠವೆಂದೇ ಪಾಪ ಅವಳು ನಂಬಿದ್ದಳು.

ಐವತ್ತೊಂಬತ್ತರ ಫೆಬ್ರವರಿಯಲ್ಲಿ ಇನ್ಸ್‌ಪೆಕ್ಟರು ಬಂದರು. ಸುಹರಾ ಪುಸ್ತಕ ಹಿಡಿದು ಕಲ್ಲಾಗಿ ನಿಂತಳು. ಮಾಸ್ಟ್ರ ಕೈ ಹಾಜರಿ ಪುಸ್ತಕದತ್ತ ಹೋಯಿತು.

“ಪುಸ್ತಕ ಮುಚ್ಚಿ ಕೇಳಿ ಸಾಹೇಬ್ರೆ!” ಕಿಟಕಿಯಿಂದ ಬೀಫಾತುಮ್ಮ ಕೂಗಿದಳು.

ಸಾಹೇಬರು ಅಚ್ಚರಿಯಿಂದ ಪುಸ್ತಕ ಮುಚ್ಚಿಸಿದರು. ಸುಹರಾ ಕಣ್ಣು ಮುಚ್ಚಿ ಶುರುಮಾಡಿದಳು: “ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಏ ಅಚ್ಚುತ, ಎಂತ ಹೊರಗೆ ನೋಡುದು? ಅಲ್ಲಿ ನಿನ್ನ ಅಜ್ಜ ಉಂಟಾ? ಅಲ್ಲಿಂದ ನದಿಯು ಪಶ್ಚಿಮಕ್ಕೆ ಹರಿಯುತ್ತದೆ.”

ತರಗತಿ ಹೋ ಎಂದು ನಕ್ಕಿತು. ಮಾಸ್ಟ್ರ ಮುಖ ಕೆಂಪಾಯಿತು. ತಪ್ಪು ತನ್ನದೆಂದು ಹೊರಗೆ ಬೀಫಾತುಮ್ಮನಿಗೆ ಆಗ ಹೊಳೆಯಿತು. ಇನ್ಸ್‌ಪೆಕ್ಟರು ನಗು ತಡೆದು ಕೇಳಿದರು: “ಕುಮಾರಧಾರೆ ಹರಿದು ಬರುವ ಸುಬ್ರಹ್ಮಣ್ಯದ ಮೇಲೆ ಜೋರು ಮಳೆ ಬಂದರೆ ನೆರೆ ಎಲ್ಲಿ?”

ಇದು ಯಾರೂ ಹೇಳಿಕೊಟ್ಟದ್ದಲ್ಲ. ಸುಹರಾ ಕ್ಷಣಕಾಲ ಯೋಚಿಸಿದಳು. “ಉಪ್ಪಿನಂಗಡಿಯಲ್ಲಿ. ಎರಡು ಹೊಳೆಯ ನೀರೂ ಅಲ್ಲೇ ಸೇರುದಲ್ವಾ?”

“ಇವಳನ್ನು ಐದಕ್ಕೆ ಹಾಕಿ ಮಾಸ್ಟ್ರೆ. ಪರೀಕ್ಷೆ ಬಾಯಲ್ಲೇ ಕೇಳಿ.”

ಜೂನ್‌ನಲ್ಲಿ ಬೆಳ್ಯಪ್ಪ ಮಾಸ್ಟ್ರು ಐದರ ಪಾಠವನ್ನು ಎರಡೆರಡು ಸಲ ಗಟ್ಟಿಯಾಗಿ ಓದತೊಡಗಿದರು. ಬೈಗುಳವೂ ಗಣನೀಯವಾಗಿ ಇಳಿಯಿತು. ಬೀಫಾತುಮ್ಮ ಮೊರದೊಂದಿಗೆ ಐದರ ಕಿಟಕಿಗೆ ಬಂದಳು.

ಮಗುವಿಗೆ ಒಂದು ದಾರಿ ಮುಚ್ಚಿದೆಯೆಂದು ತಿಳಿದೊಡನೆ, ಅಳುತ್ತ ಕೂರದೆ, ಇನ್ನೊಂದನ್ನು ತುಳಿದು ತುಳಿದು ಮಾಡಿಕೊಡುವ ಇಂಥ ತಾಯಂದಿರು ನಮ್ಮ ಊರೂರಿನಲ್ಲಿದ್ದರು. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಆದರೆ ಒಂದು ದಿನವೂ ಅವರು ಶಾಲೆ ತಪ್ಪಿಸಿದವರಲ್ಲ.