ರೋಮಿನ ದೇವಿಗೆ ಕುಂಕುಮಾರ್ಚನೆ

ಗಾರ್ಗಿ ಕೊಲಿಂಡೇಲ್ ಟ್ಯೂಬ್ ರೈಲು ಸ್ಟೇಷನ್ನಿನಿಂದ ಹೆಚ್ಚುಕಡಿಮೆ ಓಡಿಕೊಂಡೇ ಫ್ಲ್ಯಾಟಿಗೆ ಬಂದಳು. ನಾಣ್ಯದ ಕ್ಲಬ್ಬಿನ ಪೀಟರ್ ಅವಳ ಕೈಗೊಂದು ಹಳೇ ರೋಮನ್ ಬೆಳ್ಳಿ ನಾಣ್ಯ ಕೊಟ್ಟು, ಅದನ್ನು ಯಾವ ಊರಲ್ಲಿ ಅಚ್ಚು ಹಾಕಿದ್ದೆಂದು ಶುಕ್ರವಾರ ಸಂಜೆಯೊಳಗೆ ಹೇಳಿದರೆ ತನ್ನ ಇಡೀ ಸಂಗ್ರಹದ ಕ್ಯಾಟಲಾಗ್ ಕೆಲಸ ಅವಳಿಗೇ ಎಂದಿದ್ದ. ಇವತ್ತೇ ಶುಕ್ರವಾರ. ಆ ಕಾಲದಲ್ಲೇ ಯಾರೋ ಬೆಳ್ಳಿಯಾಸೆಗೆ ನಾಣ್ಯದ ಅಂಚು ಕತ್ತರಿಸಿದ್ದರು. ತಳದಲ್ಲಿದ್ದ ಊರಿನ ಗುರುತು ಉಳಿದಿತ್ತು, ಆದರೆ ಸವೆದು ಕಣ್ಣಿಗೇ ಸಿಗುತ್ತಿರಲಿಲ್ಲ.

ಈಗ ಮೇಜಿನ ಮೇಲೆ ನಾಣ್ಯವೇ ಇಲ್ಲ.

“ಅತ್ತೆ, ಇಲ್ಲೊಂದು ಬೆಳ್ಳಿ ಕಾಸಿತ್ತಲ್ಲ?”

“ಕಲಶದ ಮುಂದಿದೆ ನೋಡು,” ಎಂದರು ಮೈಸೂರಿಂದ ಬಂದಿದ್ದ ಅತ್ತೆ ವಿಶಾಲಾಕ್ಷಿ. “ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಳ್ಳಿ ಬೇಡ್ವೇನೇ? ಅದರಲ್ಲಿ ದೇವಿ ಬೇರೆ ಕೂತಿದಾಳೆ. ಅವಳಿಗೇ ಕುಂಕುಮಾರ್ಚನೆ ಮಾಡ್ದೆ.”

“ಅವಳು ರೋಮ್ ಪಟ್ಟಣದ ದೇವಿ, ಅತ್ತೆ.”

“ಯಾವೂರೋಳಾದ್ರೇನು, ಮನೆಗೆ ಬಂದಿದಾಳೆ. ನಾಳೆ ವಿಸರ್ಜನೆ ಆಗೋವರೆಗೂ ಮುಟ್ಟೋ ಹಾಗಿಲ್ಲ.”

ಗಾರ್ಗಿ ಭೂತಗನ್ನಡಿ ಹಿಡಿದು ದೇವರ ಮುಂದೆ ಬೋರಲು ಮಲಗಿದಳು. ಕಂಡದ್ದು ಬರೀ ಕುಂಕುಮದ ಗುಡ್ಡೆ.

“ಸ್ವಲ್ಪ ಊದ್ಲಾ?”

“ದೇವರಿಗೆ ಎಂಜಲು ಹಾರಿಸ್ತೀಯಾ? ಬೇಕಾದ್ರೆ ಗಾಳಿ ಬೀಸು. ಅದು ಸೇವೆ.”

ಕೈಗೆ ಸಿಕ್ಕಿದ್ದು ಕೌನ್ಸಿಲ್ ತೆರಿಗೆಯ ಲಕೋಟೆ. ಗಾರ್ಗಿ ಅದರಲ್ಲೇ ಬೀಸಿದಳು, ಬೀಸಿದಳು, ಮೂಗೆಲ್ಲ ಕೆಂಪಾಗುವವರೆಗೆ ಬೀಸಿದಳು. ಸೊಸೆಯ ಭಕ್ತಿ ಕಂಡು ಅತ್ತೆಯ ಮುಖ ಅರಳಿತು. ಮೇಲಿನ ಪುಡಿ ಹಾರಿಹೋಯಿತು. ತಗ್ಗಿನಲ್ಲಿ ಕೂತದ್ದು ಮಾತ್ರ ಕದಲಲಿಲ್ಲ. ಆ ಕೆಂಪಿನ ನಡುವೆ, ದೇವಿಯ ಪಾದದ ಕೆಳಗೆ, ಸವೆದ ಅಕ್ಷರಗಳು ಬೆಳ್ಳಗೆ ಎದ್ದು ನಿಂತಿದ್ದವು: ಎಲ್, ವಿ, ಜಿ.

ಗಾರ್ಗಿ ಮಲಗಿದಲ್ಲಿಂದಲೇ ಫೋನ್ ಎಳೆದುಕೊಂಡು ಪೀಟರ್‌ಗೆ ಡಯಲ್ ಮಾಡಿದಳು.

“ಲಿಯೋನ್,” ಎಂದಳು ಇಂಗ್ಲಿಷಿನಲ್ಲಿ, ಹಲೋ ಕೂಡ ಹೇಳದೆ. “ಫ್ರಾನ್ಸಿನ ಲಿಯೋನ್. ಅದರ ರೋಮನ್ ಕಾಲದ ಹೆಸರಿನ ಮೊದಲ ಮೂರು ಅಕ್ಷರ ಇದೆ. ಟ್ರಿಯರ್ ಇರಬಹುದು ಅಂದ್ಕೊಂಡಿದ್ದೆ, ಅಲ್ಲವೇ ಅಲ್ಲ.”

“ಸರಿ. ನಾನು ಅದನ್ನ ಓದೋಕೆ ಒಂದು ಚಳಿಗಾಲ ತಗೊಂಡೆ. ಹೇಗೆ ಕಾಣಿಸ್ತು? ಉಜ್ಜಲಿಲ್ಲ ತಾನೇ?”

“ಮುಟ್ಟೇ ಇಲ್ಲ. ನಮ್ಮತ್ತೆ ಅದಕ್ಕೆ ಕುಂಕುಮ ಹಾಕಿ ಪೂಜೆ ಮಾಡಿದಾರೆ, ಆ ಕೆಂಪು ಪುಡೀಲಿ ಅಕ್ಷರ ಎದ್ದು ಕಂಡ್ವು. ನಾಳೆವರೆಗೂ ನನಗೂ ಕೊಡಲ್ಲ.”

ಕೆಲಸ ಹೋಯಿತೆಂದೇ ಗಾರ್ಗಿ ಕಣ್ಣು ಮುಚ್ಚಿದಳು. ಆಮೇಲೆ ಪೀಟರ್ ಕೆಮ್ಮುವ ಹಾಗೆ ನಗತೊಡಗಿದ.

“ನನ್ನ ಹತ್ರ ಇನ್ನೂ ಓದಕ್ಕಾಗದ ನಾಣ್ಯ ಒಂದು ಟ್ರೇ ತುಂಬ ಇವೆ,” ಎಂದ. “ನಿಮ್ಮತ್ತೆ ಯಾವತ್ತು ಊರಿಗೆ ಹೋಗ್ತಾರೆ? ಅಷ್ಟರೊಳಗೆ ಶುರುಮಾಡೋಣ.”