ಸೊಂಟದಲ್ಲಿ ಅಡಗುವ ಪಿಸ್ತೂಲು

ನನ್ನ ಹೆಂಡತಿ ಸುಂದರಿ ನನ್ನನ್ನು ಕೊಲ್ಲಲು ಪಿಸ್ತೂಲು ಹುಡುಕುತ್ತಿದ್ದ ವಾರ ನಮ್ಮ ಮನೆಯಲ್ಲಿ ಸರಿಯಾದ ಅನ್ನ ಸಾರಿಗೂ ಗತಿಯಿರಲಿಲ್ಲ. ಗಾಬರಿ ಬೇಡ, ಕೊಲ್ಲುವುದು ನಾಟಕದಲ್ಲಿ. ಮಸ್ಕತ್ತಿನ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ನಾನು ಊರನ್ನೇ ನುಂಗಿದ ಸಾಹುಕಾರ. ಮೀಸೆ ನೋಡಿ ಕೊಟ್ಟ ಪಾತ್ರ. ಅವಳು ಸೊಂಟದಲ್ಲಿ ಪಿಸ್ತೂಲು ಅಡಗಿಸಿಕೊಂಡು ನನ್ನ ಮನೆಗೆ ಕೆಲಸಕ್ಕೆ ಸೇರುವ ಹೆಂಗಸು. ಕೊನೆಯ ದೃಶ್ಯದಲ್ಲಿ ಅದನ್ನು ಹೊರಗೆಳೆದು ನನ್ನ ಕಥೆ ಮುಗಿಸಬೇಕು.

ಈ ಊರಿಗೆ ಬಂದಾಗಿನಿಂದ ಅವಳಿಗೆ ಸಿಕ್ಕಿದ್ದೆಲ್ಲ ಚಹಾ ತಂದಿಟ್ಟು ಒಳಗೆ ಹೋಗುವ ಪಾತ್ರಗಳೇ. ದೊಡ್ಡ ಪಾತ್ರ ಇದೇ ಮೊದಲು. ಅದಕ್ಕೂ ಕಲ್ಲು ಬಿತ್ತು. ನಿರ್ದೇಶಕ ಸುಕೇಶ ಮೊದಲ ತಾಲೀಮಿನಲ್ಲೇ ತಲೆ ಅಲ್ಲಾಡಿಸಿದ.

"ಸುಂದರಿಯಕ್ಕ, ನೀವು ಬಂದ ಕೂಡ್ಲೇ ಸೊಂಟ ಉಬ್ಬಿದ್ದು ಕಾಣ್ತದೆ. ಜನಕ್ಕೆ ಮೊದಲೇ ಗೊತ್ತಾದ್ರೆ ಕೊನೆಗೆ ಎಂತ ಉಂಟು? ಪಿಸ್ತೂಲು ಪೊಲೀಸ್ ವೇಷದ ಅಕ್ಷಿತ್‌ಗೆ ಕೊಡುವ."

"ಮತ್ತೆ ನಾನು?"

"ನೀವು ಪೊಲೀಸ್‌ಗೆ ಚಹಾ ಕೊಡಿ."

"ಶುಕ್ರವಾರದವರೆಗೆ ನನಗೆ ಟೈಮ್ ಕೊಡು," ಅಂದಳು ಸುಂದರಿ. ಅವಳ ದನಿ ಗಟ್ಟಿಯಾಗಿಯೇ ಇತ್ತು.

ಇಲ್ಲಿ ನಿಜವಾದ ಪಿಸ್ತೂಲಿನ ಮಾತು ಬಿಡಿ, ಆಟಿಕೆಯದ್ದನ್ನು ಸೊಂಟಕ್ಕೆ ಸಿಕ್ಕಿಸಿ ರಸ್ತೆಗಿಳಿಯುವ ಧೈರ್ಯವೂ ನಮಗಿಲ್ಲ. ಇಲ್ಲಿನ ವಾದಿ ಅದಾಯ್ ಬಡಾವಣೆಯಲ್ಲಿ ಮರಗೆಲಸ ಮಾಡಿಸುವ ಗೆಳೆಯ ಮ್ಯಾಕ್ಸಿಮ್ ಮರದಲ್ಲೇ ಮೂರು ಅಳತೆಯ ಪಿಸ್ತೂಲುಗಳನ್ನು ಕೆತ್ತಿಸಿ, ಕಪ್ಪು ಬಣ್ಣ ಬಳಿದು, ಡಬ್ಬದಲ್ಲಿ ಮುಚ್ಚಿ ಮನೆಗೆ ತಂದುಕೊಟ್ಟ. ಸುಂದರಿ ನೈಟಿ ಬಿಟ್ಟು ಸೀರೆ ಉಟ್ಟಳು. ಒಂದೊಂದನ್ನೂ ಸಿಕ್ಕಿಸಿಕೊಂಡೇ ದಿನದ ಕೆಲಸವೆಲ್ಲ ಮಾಡಿ ನೋಡುವುದೆಂದು ತೀರ್ಮಾನವಾಯಿತು.

ದೊಡ್ಡದು ನೋಡಲು ಭಯಂಕರವಾಗಿತ್ತು. ಆದರೆ ತೆಂಗಿನಕಾಯಿ ತುರಿಯಲು ಕುಳಿತದ್ದೇ ತಡ, ನಳಿಕೆ ತೊಡೆಗೆ ಚುಚ್ಚಿ "ಅಯ್ಯಮ್ಮಾ" ಎಂದು ಎದ್ದಳು. ಮಧ್ಯಮದ್ದು ಬಾಗಿದಾಗ ಜಾರಿ ನೀರುದೋಸೆಯ ಹಿಟ್ಟಿಗೆ ಬಿತ್ತು. ಆ ದಿನ ಹೋಟೆಲಿನ ಪರೋಟವೇ ಗತಿಯಾಯಿತು. ಚಿಕ್ಕದು ಅಂಗೈಯಲ್ಲಿ ಮುಚ್ಚಿಹೋಗುವಷ್ಟೇ ಇತ್ತು, ಆದರೆ ಎಳೆಯುವಾಗ ಅದರ ಹಿಂಬದಿಯ ಕೊಕ್ಕೆ ಸೀರೆಗೆ ಸಿಕ್ಕಿ ಪಿಸ್ತೂಲಿನ ಜೊತೆ ನೆರಿಗೆಯೂ ಹೊರಬಂತು. ನಾನು ನಕ್ಕೆ. ಅವಳು ನನ್ನನ್ನು ನೋಡಿದ ರೀತಿಗೆ ಬೇಗ ಬಗ್ಗಿ ನೆರಿಗೆ ಹೆಕ್ಕಿಕೊಟ್ಟೆ.

ಮ್ಯಾಕ್ಸಿಮ್ ಕೊಕ್ಕೆಯನ್ನು ಕತ್ತರಿಸಿ, ಮೂಲೆಗಳನ್ನು ಉಜ್ಜಿಸಿ ಕೊಟ್ಟ. ಆಮೇಲೆ ಕಸ ಗುಡಿಸುವಾಗ, ಬಟ್ಟೆ ಒಣಗಿಸುವಾಗ ಸುಂದರಿ "ಈಗ ಉಂಟಾ, ಇಲ್ವಾ?" ಎಂದು ಕೇಳುವಳು. ಪ್ರತಿ ಸಲವೂ ನಾನು ತಪ್ಪು ಹೇಳಿ ಬೈಸಿಕೊಂಡೆ.

ಖುಷಿಯಿಂದ ಸುಕೇಶನಿಗೆ ಅದರ ಫೋಟೋ ಕಳಿಸಿದೆ. ತಕ್ಷಣ ಅವನ ಫೋನ್ ಬಂತು.

"ಇಷ್ಟು ಚಿಕ್ಕದು ಕೊನೆಯ ಸಾಲಿಗೆ ಕಾಣುದುಂಟಾ ಪೂವಪ್ಪಣ್ಣ? ಯಾರು ಹೆದರ್ತಾರೆ ಇದಕ್ಕೆ?"

ಅಡಗಬೇಕಾದರೆ ಚಿಕ್ಕದಿರಬೇಕು, ಹೆದರಿಸಬೇಕಾದರೆ ದೊಡ್ಡದಿರಬೇಕು. ಅತ್ತ ದರಿ, ಇತ್ತ ಪುಲಿ. ಸುಂದರಿಯ ಕಣ್ಣಲ್ಲಿ ನೀರು ಕಂಡು ನನಗೆ ಸುಕೇಶನ ಮೇಲೆ ಕೆಟ್ಟ ಸಿಟ್ಟು ಬಂತು. ಅವಳೇ ಸೆರಗಿನಿಂದ ಮುಖ ಒರೆಸಿಕೊಂಡಳು.

"ಪಿಸ್ತೂಲು ಕಾಣದಿದ್ರೆ ಬೇಡ. ನಾನು ಕಾಣ್ತೇನಲ್ಲ."

ಶುಕ್ರವಾರ ಅಲ್ ಖುವೈರ್‌ನ ಹಾಲ್‌ನಲ್ಲಿ ತಾಲೀಮು. ಸುಕೇಶ ಹಟಕ್ಕೆ ಕೊನೆಯ ಸಾಲಿನಲ್ಲೇ ಹೋಗಿ ಕುಳಿತ. ಸುಂದರಿ ಬಂದಳು, ನೆಲ ಒರೆಸಿದಳು, ಬಾಗಿ ಬಿಂದಿಗೆ ಎತ್ತಿದಳು. ಮಗಳ ಪಾತ್ರದ ನಿಶ್ಮಿತಾ ಓಡಿಬಂದು ಸೊಂಟ ತಬ್ಬಿಕೊಂಡಳು. ಎಲ್ಲೂ ಒಂದಿಷ್ಟೂ ಉಬ್ಬಿಲ್ಲ.

"ಅಕ್ಕ, ಪಿಸ್ತೂಲು ಮನೆಯಲ್ಲೇ ಬಿಟ್ರಾ?" ಸುಕೇಶ ಅಲ್ಲಿಂದಲೇ ಕೂಗಿದ.

ಸುಂದರಿ ನನ್ನ ಕಡೆ ತಿರುಗಿದಳು. ಅವಳ ಕೈ ಯಾವಾಗ ಸೊಂಟಕ್ಕೆ ಹೋಯಿತೋ ನಾನು ನೋಡಲೇ ಇಲ್ಲ, ಪಿಸ್ತೂಲು ನನ್ನ ಎದೆಗೇ ಗುರಿಯಾಗಿತ್ತು. ಅಂಥ ಸಿಟ್ಟನ್ನು ಅವಳ ಮುಖದಲ್ಲಿ ಮದುವೆಯಾದ ಮೇಲೆ ಎಂದೂ ಕಂಡಿರಲಿಲ್ಲ. ಗಹಗಹಿಸಿ ನಗಬೇಕಾದ ಸಾಹುಕಾರ ಮಾತೆಲ್ಲ ಮರೆತು, "ಬೇಡ ಮಾರಾಯ್ತಿ, ಬೇಡ" ಎಂದು ಗೋಡೆಗೆ ಒರಗಿದ. ಯಾರೂ ನಗಲಿಲ್ಲ. ಹೆದರಿಕೆಯ ನಡುವೆಯೂ ಹೆಮ್ಮೆಯಿಂದ ನನ್ನ ಎದೆ ಉಬ್ಬುತ್ತಿತ್ತು.

ಅವಳು ಅಷ್ಟಕ್ಕೇ ಬಿಡಲಿಲ್ಲ. ನಿಧಾನವಾಗಿ ಕೈಯನ್ನು ಕೊನೆಯ ಸಾಲಿನತ್ತ ತಿರುಗಿಸಿದಳು. ಸುಕೇಶ ಎದ್ದು ನಿಂತ, ಎರಡೂ ಕೈ ಮೇಲೆ.

"ಪಾತ್ರ ನಿಮ್ಮದೇ ಅಕ್ಕ," ಅಂದ. "ಮೊದಲು ಅದನ್ನ ಕೆಳಗಿಡಿ ಮಾರಾಯ್ರೆ."